‘ಮೊಸರಿನ ಮಂಗಮ್ಮ’ ಮತ್ತು ವಿಚಾರಪ್ರಣಾಲಿಯ ಪ್ರಶ್ನೆ

ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಮೊಸರಿನ ಮಂಗಮ್ಮ’ ಹಲವು ತಲೆಮಾರುಗಳಿಂದ ಕನ್ನಡ ನಾಡಿನ ವಿದ್ಯಾರ್ಥಿಗಳು ಓದುತ್ತ ಬಂದಿರುವ ಸಣ್ಣಕಥೆ. ಅದರ ಹಿಂದೀ ಅನುವಾದ ಬಿಹಾರದ ಹತ್ತನೆಯ ತರಗತಿಯ ಪಠ್ಯಪುಸ್ತಕವನ್ನೂ ಸೇರಿತು. ಅತ್ತೆ ಸೊಸೆಯರ ಹೋರಾಟ ಲೋಕದಲ್ಲೆಲ್ಲ ಇರುವಂಥದು. ಮಗನ ಮೇಲಿನ ಹಿಡಿತವನ್ನು ತಾಯಿ ಬಿಡಲೊಲ್ಲಳು, ಗಂಡನ ಮೇಲಿನ ಹಿಡಿತವನ್ನು ಹೆಂಡತಿ ಬಿಡಲೊಲ್ಲಳು. ಈ ಆಟಕ್ಕೆ ಕೊನೆಯಿಲ್ಲ – ಎಂಬುದು ಸಾಮಾನ್ಯವಾಗಿ ಈ ಕಥೆಯ ತಾತ್ಪರ್ಯವೆಂದು ಬೋಧಿಸಲ್ಪಡುತ್ತದೆ. ಈ ತಾತ್ಪರ್ಯ ಅಧ್ಯಾಪಕರ ಕಲ್ಪನೆಯಲ್ಲ. ಕಥೆ ಹೇಳುವ ಗೃಹಿಣಿಯೇ ಕೊನೆಯಲ್ಲಿ ಮಾಡುವ ಚಿಂತನೆಯ ಸಾರ. ಆದರೆ ಕಥೆ ಹೇಳುವವಳು ಕೊಟ್ಟ ವಿವರಣೆಯೂ ಅವಳು ಹೇಳಿದ ಸಂಗತಿಗಳೂ ಒಂದಕ್ಕೊಂದು ಪೂರ್ತಿಯಾಗಿ ಹೊಂದುತ್ತವೆಯೇ ಎಂಬ ಪ್ರಶ್ನೆ ಉಳಿದೇ ಇದೆ. ಮಾರ್ಕ್ಸ್‌ವಾದೀ ವಿಮರ್ಶೆಯಲ್ಲಿ ಬೆಳೆದುಬಂದಿರುವ ವಿಚಾರಪ್ರಣಾಲಿಯ ಸಿದ್ಧಾಂತದ ನೆರವಿನಿಂದ ಆ ಪ್ರಶ್ನೆಯನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಕಾಲೇಜುಗಳಲ್ಲಿ ಈ ಕಥೆಯನ್ನು ಓದಿಸುವವರಿಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ರಾಶಿಯ ಮುಂದೆ ಕುಳಿತು ತೊಟ್ಟು ಬಿಡಿಸುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ರಾಣೆಬೆನ್ನೂರಿನ ಸುತ್ತಿನ ಹೊಲಗಳಲ್ಲಿ ಬೀಜದ ಹತ್ತಿಯ ಹೂವನ್ನು ಒಂದೊಂದಾಗಿ ಬಿಡಿಸಿ ‘ಕ್ರಾಸಿಂಗ್’ ಮಾಡುವವರೂ ಅವರೇ. ಅವರ ಮಕ್ಕಳು, ಸೊಸೆಯಂದಿರು ನಮ್ಮ ತರಗತಿಗಳಲ್ಲಿ ಕುಳಿತಿರುತ್ತಾರೆ. ಹೆಣ್ಣು ತನ್ನ ದುಡಿಮೆಯಿಂದ ನಾಲ್ಕು ಕಾಸು ಮನೆಗೆ ತಂದಾಗ ಮನೆಯೊಳಗಿನ ಮಾತು ಹೇಗೆ ಬದಲಾಗುತ್ತದೆಂಬುದನ್ನು ಅವರು ಪುಸ್ತಕದಿಂದ ಕಲಿಯಬೇಕಾಗಿಲ್ಲ. ಹೀಗಿದ್ದೂ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಅವರು ಬರೆಯುವುದು ಅದೇ ‘ಕೊನೆಯಿಲ್ಲದ ಆಟ’ದ ವಿವರಣೆಯನ್ನು. ಕಂಡದ್ದೊಂದು, ಬರೆದದ್ದೊಂದು ಆಗುವ ಈ ಸ್ಥಿತಿಯೇ ವಿಚಾರಪ್ರಣಾಲಿ ಎಂದರೇನೆಂಬುದಕ್ಕೆ ಒಂದು ನಿದರ್ಶನ.

೧

‘ಐಡಿಯಾಲಜಿ’ ಎಂಬ ಶಬ್ದಕ್ಕೆ ಕನ್ನಡದಲ್ಲಿ ‘ವಿಚಾರಪ್ರಣಾಲಿ’, ‘ಸಿದ್ಧಾಂತ’ ಮೊದಲಾದ ಪರ್ಯಾಯಗಳು ಬಳಕೆಯಲ್ಲಿವೆ. ಇಲ್ಲಿ ಮೊದಲನೆಯದನ್ನು ಆರಿಸಿಕೊಂಡಿದೆ. ಈ ಕಲ್ಪನೆಯ ಇತಿಹಾಸದಲ್ಲಿ ನಾಲ್ಕು ಘಟ್ಟಗಳನ್ನು ನೆನೆಯುವುದು ನಮ್ಮ ಉದ್ದೇಶಕ್ಕೆ ಸಾಕು.

ಮಾರ್ಕ್ಸ್ ಮತ್ತು ಎಂಗೆಲ್ಸ್ ೧೮೪೫-೪೬ರಲ್ಲಿ ಬರೆದ, ಬಹುಕಾಲ ಅಚ್ಚಾಗದೆ ಉಳಿದು ೧೯೩೨ರಲ್ಲಿ ಸಮಗ್ರವಾಗಿ ಪ್ರಕಟವಾದ ‘ಜರ್ಮನ್ ಐಡಿಯಾಲಜಿ’ಯಲ್ಲಿ, ಮನುಷ್ಯರ ವಿಚಾರಗಳು ಅವರ ಜೀವನೋಪಾಯದ ಸಂಬಂಧಗಳಿಂದ ಹುಟ್ಟುತ್ತವೆಂದೂ, ಕತ್ತಲೆಪೆಟ್ಟಿಗೆಯೊಳಗೆ ಬಿಂಬ ತಲೆಕೆಳಗಾಗಿ ಬೀಳುವಂತೆ ವಿಚಾರಪ್ರಣಾಲಿಯಲ್ಲಿ ಆ ಸಂಬಂಧಗಳು ತಲೆಕೆಳಗಾಗಿ ತೋರುತ್ತವೆಂದೂ ಪ್ರತಿಪಾದಿಸಿದರು. ಎಂಗೆಲ್ಸ್ ೧೮೯೩ರಲ್ಲಿ ಮೆಹ್ರಿಂಗನಿಗೆ ಬರೆದ ಪತ್ರದಲ್ಲಿ ಇದನ್ನೇ ‘ಮಿಥ್ಯಾಪ್ರಜ್ಞೆ’ ಎಂದು ಕರೆದನು: ವಿಚಾರ ಮಾಡುವವನು ತನ್ನನ್ನು ನಡೆಸುತ್ತಿರುವ ನಿಜವಾದ ಪ್ರೇರಣೆಗಳನ್ನು ಅರಿಯನು, ಅರಿತಿದ್ದರೆ ಅದು ವಿಚಾರಪ್ರಣಾಲಿಯೇ ಆಗುತ್ತಿರಲಿಲ್ಲ ಎಂಬುದು ಅವನ ಆಶಯ. ಇಟಲಿಯ ಗ್ರಾಂಶಿ ೧೯೨೯ರಿಂದ ೧೯೩೫ರವರೆಗೆ ಸೆರೆಮನೆಯಲ್ಲಿ ಬರೆದ ಟಿಪ್ಪಣಿಗಳಲ್ಲಿ ಈ ವಿಚಾರವನ್ನು ಸೂಕ್ಷ್ಮಗೊಳಿಸಿದನು. ದುಡಿಯುವ ಮನುಷ್ಯನಲ್ಲಿ ಎರಡು ಪ್ರಜ್ಞೆಗಳು ಜೊತೆಯಾಗಿರುತ್ತವೆ: ಒಂದು ಅವನ ಕೆಲಸದಲ್ಲಿ ಅಡಗಿರುವುದು, ಇನ್ನೊಂದು ಹಿಂದಿನಿಂದ ಬಂದು ಅವನ ಬಾಯಿಯ ಮಾತಿನಲ್ಲಿ ನೆಲೆಸಿರುವುದು. ಕೊನೆಯದಾಗಿ ಫ್ರಾನ್ಸಿನ ಅಲ್ತುಸೆರ್ ೧೯೭೦ರ ತನ್ನ ಪ್ರಸಿದ್ಧ ಪ್ರಬಂಧದಲ್ಲಿ, ವಿಚಾರಪ್ರಣಾಲಿ ತಲೆಯೊಳಗಿನ ಭ್ರಮೆ ಮಾತ್ರವಲ್ಲ, ಮನೆ, ಶಾಲೆ, ಗುಡಿಗಳ ನಿತ್ಯದ ಆಚರಣೆಗಳಲ್ಲಿ ಅದಕ್ಕೆ ಮೂರ್ತರೂಪವಿದೆಯೆಂದೂ, ಅದು ವ್ಯಕ್ತಿಯನ್ನು ಒಂದು ಹೆಸರಿನಿಂದ ‘ಕೂಗಿ ಕರೆದು’ ಆ ಹೆಸರಿಗೆ ಓಗೊಡುವಂತೆ ಮಾಡುತ್ತದೆಂದೂ ವಾದಿಸಿದನು.

ಈ ನಾಲ್ವರ ಮಾತುಗಳೂ ಒಂದೇ ಅಲ್ಲ. ಎಂಗೆಲ್ಸನ ಪತ್ರವನ್ನು ಮಾತ್ರ ಹಿಡಿದು ಹೊರಟರೆ ವಿಮರ್ಶಕನ ಕೆಲಸ ತೀರ ಸುಲಭವಾಗುತ್ತದೆ: ಪಾತ್ರಗಳು ನಂಬಿದ್ದು ಸುಳ್ಳು, ವಿಮರ್ಶಕನಿಗೆ ತಿಳಿದದ್ದು ನಿಜ ಎಂದು ತೀರ್ಪು ಕೊಟ್ಟು ಮುಗಿಸಬಹುದು. ಮಾಸ್ತಿಯವರ ವಿಷಯದಲ್ಲಿ ಇಂಥ ತೀರ್ಪುಗಳು ಬಂದೂ ಇವೆ. ೧೯೪೦ರ ದಶಕದ ಪ್ರಗತಿಶೀಲ ಚಳವಳಿಯ ಆವೇಶದಲ್ಲಿ ಹಿರಿಯ ತಲೆಮಾರಿನ ಬರವಣಿಗೆಯನ್ನು ಯಥಾಸ್ಥಿತಿಯ ಪಕ್ಷಪಾತಿಯೆಂದು ಬದಿಗಿರಿಸಿದವರುಂಟು. ಅವರ ಆಕ್ಷೇಪದಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಕಥೆಯನ್ನು ಬದಿಗಿಟ್ಟ ಮೇಲೆ ಅದರಲ್ಲಿ ಅಡಗಿರುವ ಸಾಕ್ಷ್ಯವನ್ನೂ ಕಳೆದುಕೊಂಡಂತಾಯಿತು.

೨

ಕಥೆಯ ಸಂಗತಿಗಳನ್ನು ಈಗ ನೋಡಬಹುದು. ಮಂಗಮ್ಮ ಬೆಂಗಳೂರಿನ ಸಮೀಪದ ಹಳ್ಳಿಯವಳು. ಪಟ್ಟಣದ ಮನೆಗಳಿಗೆ ವರ್ತನೆಯ ಮೇಲೆ ಮೊಸರು ಕೊಟ್ಟು ಜೀವಿಸುವವಳು. ಗಂಡ ಬೇರೊಬ್ಬಳ ಹಿಂದೆ ಹೋದವನು. ಮನೆಯಲ್ಲಿ ಮಗ, ಸೊಸೆ ನಂಜಮ್ಮ, ಮೊಮ್ಮಗ. ಸೊಸೆ ಮಗುವನ್ನು ಹೊಡೆದಳೆಂಬ ಕಾರಣದಿಂದ ಜಗಳ ಹುಟ್ಟುತ್ತದೆ, ಮಗ ಹೆಂಡತಿಯ ಪಕ್ಷವಾಗುತ್ತಾನೆ, ಒಲೆ ಬೇರೆಯಾಗುತ್ತದೆ. ಇನ್ನು ಯಾರಿಗಾಗಿ ಕೂಡಿಡಬೇಕೆಂದು ಮಂಗಮ್ಮ ಒಂದು ಮಖಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ಊರವರೂ ಸೊಸೆಯೂ ಆಡಿಕೊಳ್ಳುತ್ತಾರೆ. ಜೂಜು, ಶೋಕಿಗಳ ರಂಗಪ್ಪ ದಾರಿಯಲ್ಲಿ ಮಾತಿಗೆ ನಿಂತು ಹತ್ತಿರವಾಗತೊಡಗುತ್ತಾನೆ, ಹಣದ ಮಾತೆತ್ತುತ್ತಾನೆ. ಆ ವೇಳೆಗೆ ಮೊಮ್ಮಗ ಅಜ್ಜಿಯ ಬಳಿಗೆ ಬಂದುಬಿಡುತ್ತಾನೆ, ತಾಯಿ ಕರೆದರೂ ಹೋಗನು. ಅವನ ಹಿಂದೆಯೇ ರಾಜಿಯೂ ಬರುತ್ತದೆ. ಕೊನೆಗೆ ಮೊಸರು ಹೊತ್ತು ಬರುವವಳು ನಂಜಮ್ಮ.

ಈ ಸಂಗತಿಗಳನ್ನು ಅವುಗಳ ಅನುಕ್ರಮದಲ್ಲಿಯೇ ಇಟ್ಟು ನೋಡಿದರೆ ಒಂದು ಅಂಶ ಎದ್ದು ಕಾಣುತ್ತದೆ. ಪ್ರತಿಯೊಂದು ತಿರುವಿನಲ್ಲಿಯೂ ಮೊಸರಿನ ಹಣವಿದೆ. ಮಂಗಮ್ಮ ಬೇರೆ ಒಲೆ ಹೂಡಬಲ್ಲಳು, ಏಕೆಂದರೆ ಅವಳಿಗೆ ಸ್ವಂತ ವರಮಾನವಿದೆ. ಅದಿಲ್ಲದ ಅತ್ತೆ ಸಿಟ್ಟನ್ನು ನುಂಗಿಕೊಂಡು ಅದೇ ಮನೆಯ ಮೂಲೆಯಲ್ಲಿ ಕುಳಿತಿರುತ್ತಿದ್ದಳು. ಮಖಮಲ್ಲಿನ ರವಿಕೆ ಊರಿನ ಕಣ್ಣನ್ನು ಚುಚ್ಚಿತು, ಏಕೆಂದರೆ ಮನೆತನಕ್ಕೆ ಸೇರಬೇಕಾದ ಹಣ ಒಬ್ಬ ಮುದುಕಿಯ ಮೈಮೇಲೆ ಮೆರೆಯಿತು. ರಂಗಪ್ಪನಿಗೆ ಅವಳ ಮೇಲೆ ಹುಟ್ಟಿದ ಆಸಕ್ತಿಯ ಮೂಲವನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೊಮ್ಮಗ ತಾನಾಗಿ ಬಂದವನಲ್ಲ. ಅತ್ತೆಯ ಹಣ ರಂಗಪ್ಪನ ಪಾಲಾದೀತೆಂಬ ಸುಳಿವು ಸಿಕ್ಕ ಮೇಲೆ ನಂಜಮ್ಮನೇ ಮಗನಿಗೆ ಹೇಳಿಕೊಟ್ಟು ಕಳುಹಿಸಿದವಳು. ಈ ಗುಟ್ಟನ್ನು ಕಥೆ ನಂಜಮ್ಮನ ಬಾಯಿಂದಲೇ ಹೊರಡಿಸುತ್ತದೆ. ರಾಜಿಯ ಫಲವಾಗಿ ಮನೆ ಒಂದಾಯಿತು. ಮೊಸರಿನ ಗಡಿಗೆ ಅತ್ತೆಯ ತಲೆಯಿಂದ ಸೊಸೆಯ ತಲೆಗೆ ಬಂದಿತು. ಗಡಿಗೆಯೊಡನೆ ವರ್ತನೆಯ ಮನೆಗಳೂ ಬಂದವು, ಆ ಮನೆಗಳು ಕೊಡುವ ಹಣವೂ ಬಂದಿತು.

ಆದುದರಿಂದ ‘ಮೊಸರಿನ ಮಂಗಮ್ಮ’ದಲ್ಲಿ ನಡೆಯುವುದು ಒಂದು ಜೀವನೋಪಾಯದ ಹಸ್ತಾಂತರವೆಂದು ಹೇಳಿದರೆ ಅದು ಕಥೆಗೆ ಹೊರಗಿನಿಂದ ಅಂಟಿಸಿದ ಮಾತಾಗದು. ಎಂಗೆಲ್ಸ್ ೧೮೮೪ರಲ್ಲಿ ಪ್ರಕಟಿಸಿದ ‘ಕುಟುಂಬ, ಖಾಸಗಿ ಆಸ್ತಿ ಮತ್ತು ಪ್ರಭುತ್ವಗಳ ಉಗಮ’ದಲ್ಲಿ ಕುಟುಂಬದ ರೂಪವನ್ನು ಆಸ್ತಿಯ ಇತಿಹಾಸದೊಡನೆ ಇಟ್ಟು ನೋಡಿದನು. ಅಷ್ಟು ದೊಡ್ಡ ಹರವಿನ ವಾದವನ್ನು ಒಂದು ಗಡಿಗೆ ಮೊಸರಿನ ಮೇಲೆ ಹೇರುವುದು ಅನಾವಶ್ಯಕ. ಮನೆಯ ಅಕ್ಕರೆಯೂ ಮನೆಯ ಆದಾಯವೂ ಬೇರೆ ಬೇರೆ ದಾರಿಗಳಲ್ಲಿ ಹರಿಯುವುದಿಲ್ಲವೆಂಬಷ್ಟನ್ನು ಮಾತ್ರ ಅಲ್ಲಿಂದ ತೆಗೆದುಕೊಂಡರೆ ಸಾಕು.

೩

ಇಷ್ಟು ಸಂಗತಿಗಳನ್ನು ತಾನೇ ಹೇಳಿದ ನಿರೂಪಕಿ ಕೊನೆಯಲ್ಲಿ ಅವುಗಳಿಗೆ ಬೇರೆಯೊಂದು ಅರ್ಥ ಕೊಡುತ್ತಾಳೆ. ಮೊಸರು, ರವಿಕೆ, ರಂಗಪ್ಪನ ಸಾಲದ ಮಾತು – ಇವೆಲ್ಲ ಹಿಂದೆ ಸರಿದು, ಒಬ್ಬ ಗಂಡಸಿನ ಮೇಲಿನ ಒಡೆತನಕ್ಕಾಗಿ ಇಬ್ಬರು ಹೆಂಗಸರ ಸ್ಪರ್ಧೆ ಮಾತ್ರ ಉಳಿಯುತ್ತದೆ. ಅದೂ ಕಾಲದೇಶಗಳಿಗೆ ಒಳಪಡದ ಸ್ಪರ್ಧೆಯಾಗಿ. ವಿಚಾರಪ್ರಣಾಲಿಯ ಲಕ್ಷಣವೇ ಇದು. ಇತಿಹಾಸದಲ್ಲಿ ಹುಟ್ಟಿದ್ದನ್ನು ಅದು ಪ್ರಕೃತಿಯ ನಿಯಮವೆಂಬಂತೆ ತೋರಿಸುತ್ತದೆ.

ನಿರೂಪಕಿಗೆ ಹೀಗೆ ತೋರಿದ್ದೇಕೆ? ಇದಕ್ಕೆ ಉತ್ತರ ಅವಳು ನಿಂತಿರುವ ನೆಲೆಯಲ್ಲಿದೆ. ಅವಳು ಮೊಸರು ಮಾರುವವಳಲ್ಲ, ಕೊಳ್ಳುವವಳು. ಪಟ್ಟಣದ ಮಧ್ಯಮವರ್ಗದ ಗೃಹಿಣಿ. ಅಂಥ ಮನೆಯ ಹೆಣ್ಣಿಗೆ ಅನ್ನ, ಬಟ್ಟೆ, ಮರ್ಯಾದೆ ಎಲ್ಲವೂ ಗಂಡನ ಮೂಲಕವೇ ಬರತಕ್ಕವು. ಗಂಡಸಿನ ಮೇಲಿನ ಹಿಡಿತವೇ ಅವಳಿಗಿರುವ ಏಕಮಾತ್ರ ಆಸ್ತಿ. ಹೀಗಿರುವಲ್ಲಿ ಮನೆಯೊಳಗಿನ ಎಲ್ಲ ಕಲಹಗಳೂ ಆ ಹಿಡಿತದ ಕಲಹಗಳಾಗಿಯೇ ಅವಳಿಗೆ ಕಾಣುವುದು ಸಹಜ. ಮಂಗಮ್ಮನ ಸ್ಥಿತಿ ಬೇರೆ. ಗಂಡ ಬಿಟ್ಟುಹೋದ ಮೇಲೂ ಅವಳು ಬದುಕಿದಳು, ಮಗನನ್ನು ಬೆಳೆಸಿದಳು. ನಿರೂಪಕಿ ತನ್ನ ಮನೆಯ ಕನ್ನಡಿಯಲ್ಲಿ ಮಂಗಮ್ಮನ ಮನೆಯನ್ನು ನೋಡಿದಳು. ಅವಳ ಸಹಾನುಭೂತಿ ನಿಜವಾದದ್ದು, ಅದರ ಮಿತಿಯೂ ನಿಜವಾದದ್ದು.

ಆದರೆ ಮಂಗಮ್ಮನ ಮಾತೂ ನಿರೂಪಕಿಯ ಮಾತಿನಿಂದ ಬಹಳ ದೂರವಿಲ್ಲ. ಗಂಡನನ್ನು ಕೈಯೊಳಗಿಟ್ಟುಕೊಳ್ಳುವ ಬಗೆಯನ್ನು ಅವಳೇ ಈ ಗೃಹಿಣಿಗೆ ಉಪದೇಶಿಸುತ್ತಾಳೆ: ರುಚಿಯಾಗಿ ಮಾಡಿ ಬಡಿಸಬೇಕು, ಚೆನ್ನಾಗಿ ಉಟ್ಟು ತೊಟ್ಟಿರಬೇಕು, ನಗುಮುಖದಿಂದಿರಬೇಕು. ಗಂಡನಿಲ್ಲದೆ ಬದುಕಿ ತೋರಿಸಿದವಳು ಗಂಡನನ್ನು ಉಳಿಸಿಕೊಳ್ಳುವ ವಿದ್ಯೆಯನ್ನು ಹೇಳಿಕೊಡುವುದರಲ್ಲಿ ಒಂದು ವಿಪರ್ಯಾಸವಿದೆ. ಗ್ರಾಂಶಿ ಹೇಳಿದ ಎರಡು ಪ್ರಜ್ಞೆಗಳು ಇಲ್ಲಿ ಒಬ್ಬಳೇ ಹೆಂಗಸಿನಲ್ಲಿ ಪ್ರತ್ಯಕ್ಷವಾಗುತ್ತವೆ. ಅವಳ ದುಡಿಮೆ ಒಂದನ್ನು ಹೇಳುತ್ತದೆ, ಅವಳ ನುಡಿ ಇನ್ನೊಂದನ್ನು. ತನ್ನ ಬದುಕಿನ ಸಾಮರ್ಥ್ಯವನ್ನು ಹೆಸರಿಸಲು ಬೇಕಾದ ಮಾತು ಅವಳ ಕಾಲ ಅವಳಿಗೆ ಕೊಟ್ಟಿರಲಿಲ್ಲ.

ಫ್ರೆಂಚ್ ವಿಮರ್ಶಕ ಮಾಶೆರೆ ೧೯೬೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಕೃತಿಯೊಂದು ಏನನ್ನು ಹೇಳದೆ ಬಿಡುತ್ತದೋ ಅದನ್ನೂ ವಿಮರ್ಶೆ ಕೇಳಿಸಿಕೊಳ್ಳಬೇಕೆಂದು ಸೂಚಿಸಿದನು. ನಮ್ಮ ಕಥೆಯಲ್ಲಿ ಮಗನ ದುಡಿಮೆ ಅಂಚಿಗೆ ಸರಿದಿದೆ. ಇಬ್ಬರು ಹೆಂಗಸರು ಯಾರಿಗಾಗಿ ಹೋರಾಡಿದರೆಂದು ನಿರೂಪಕಿ ಹೇಳುತ್ತಾಳೋ ಆ ಗಂಡಸೇ ಕಥೆಯಲ್ಲಿ ಅತ್ಯಂತ ಮಸುಕಾದ ಪಾತ್ರ. ಹೋರಾಟದ ವಸ್ತು ನಿಜವಾಗಿ ಅವನೇ ಆಗಿದ್ದರೆ ಮಾಸ್ತಿಯವರಂತಹ ಕುಶಲ ಕಥೆಗಾರರು ಅವನನ್ನು ಇಷ್ಟು ಮಸುಕಾಗಿ ಬಿಡುತ್ತಿದ್ದರೇ ಎಂಬುದು ವಿಚಾರಾರ್ಹ.

೪

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಬರಬಹುದು. ಎಲ್ಲವನ್ನೂ ಹಣಕ್ಕೆ ಇಳಿಸಿದರೆ ಮೊಮ್ಮಗನನ್ನು ಕಂಡ ಅಜ್ಜಿಯ ಆನಂದವೆಲ್ಲಿ ಉಳಿಯಿತು? ನಂಜಮ್ಮ ಲೆಕ್ಕ ಹಾಕಿಯೇ ಮಗನನ್ನು ಕಳುಹಿಸಿದಳೆಂದಮೇಲೆ ಆ ರಾಜಿ ಬರಿಯ ಕಪಟವೇ?

ಹಾಗೆ ಓದುವುದು ಕಥೆಗೂ ಸಿದ್ಧಾಂತಕ್ಕೂ ಅನ್ಯಾಯ. ಮಂಗಮ್ಮನ ಆನಂದ ಸುಳ್ಳಲ್ಲ. ನಂಜಮ್ಮ ಹಾಕಿದ ಲೆಕ್ಕ ಫಲಿಸಬೇಕಾದರೆ ಆ ವಾತ್ಸಲ್ಯ ನಿಜವಾಗಿರಲೇಬೇಕಾಗಿತ್ತು. ಅದನ್ನು ನಂಬಿಯೇ ಅವಳು ಮಗುವನ್ನು ಕಳುಹಿಸಿದಳು. ಇನ್ನೊಂದು ಮಾತು: ರಂಗಪ್ಪನಿಂದ ಹಣವನ್ನು ಉಳಿಸಿದುದು ಮನೆಯನ್ನು ಉಳಿಸಿದುದೂ ಹೌದು, ಅತ್ತೆಯನ್ನು ಉಳಿಸಿದುದೂ ಹೌದು. ಬಡವರ ಮನೆಯಲ್ಲಿ ಅಕ್ಕರೆಗೆ ಹಣದ ರೂಪವನ್ನು ತಾಳದೆ ವಿಧಿಯಿಲ್ಲ; ಹಣಕ್ಕೂ ಅಕ್ಕರೆಯ ಮಾತಿನಲ್ಲಿ ಅಲ್ಲದೆ ಮನೆಯೊಳಗೆ ಪ್ರವೇಶವಿಲ್ಲ. ಅಲ್ತುಸೆರ್ ವಿಚಾರಪ್ರಣಾಲಿಯನ್ನು ಜನ ತಮ್ಮ ಬದುಕನ್ನು ಬದುಕುವ ಬಗೆ ಎಂದು ತಿಳಿದದ್ದು ಇಂಥ ಸ್ಥಳಗಳಲ್ಲಿ ಉಪಯುಕ್ತವಾಗುತ್ತದೆ. ಭ್ರಮೆಯನ್ನು ಕಿತ್ತೆಸೆದರೆ ಸತ್ಯ ಕೈಗೆ ಬರುತ್ತದೆಂಬ ನಂಬಿಕೆಯಿಂದ ಹೊರಟವನಿಗೆ ಮಂಗಮ್ಮನ ಮನೆಯಲ್ಲಿ ಸಿಕ್ಕುವುದು ಏನೂ ಇಲ್ಲ.

ಲೇಖಕರ ವಿಷಯವಾಗಿಯೂ ಇದೇ ಎಚ್ಚರ ಬೇಕು. ಎಂಗೆಲ್ಸ್ ೧೮೮೮ರಲ್ಲಿ ಮಾರ್ಗರೆಟ್ ಹಾರ್ಕ್‌ನೆಸ್ ಎಂಬ ಕಾದಂಬರಿಕಾರ್ತಿಗೆ ಬರೆದ ಪತ್ರದಲ್ಲಿ ಬಾಲ್ಜಾಕನನ್ನು ಕೊಂಡಾಡಿದನು. ಬಾಲ್ಜಾಕನ ಒಲವು ಅಳಿಯುತ್ತಿದ್ದ ಶ್ರೀಮಂತವರ್ಗದ ಕಡೆಗಿದ್ದರೂ ಅವನ ವಾಸ್ತವದೃಷ್ಟಿ ಆ ಒಲವನ್ನು ಮೀರಿ ಸತ್ಯವನ್ನು ಬರೆಸಿತೆಂಬುದು ಅಲ್ಲಿನ ಅಭಿಪ್ರಾಯ. ಮೈಸೂರು ಸಂಸ್ಥಾನದ ಉನ್ನತ ಅಧಿಕಾರಿಯಾಗಿದ್ದು ೧೯೪೩ರಲ್ಲಿ ನಿವೃತ್ತರಾದ ಮಾಸ್ತಿಯವರ ಜೀವನದೃಷ್ಟಿ ಸಾಮರಸ್ಯದ ಪರವಾದದ್ದು. ಆದರೆ ಕಥೆಗಾರ ಮಾಸ್ತಿ ತಮಗೆ ಕಂಡ ಸಂಗತಿಯನ್ನು ಮುಚ್ಚಿಡುವವರಲ್ಲ. ರಾಜಿಯನ್ನು ದೈವಕೃಪೆಯಾಗಿಯೋ ಹೃದಯಪರಿವರ್ತನೆಯಾಗಿಯೋ ಚಿತ್ರಿಸಿ ಮುಗಿಸಬಹುದಾಗಿತ್ತು. ಹಾಗೆ ಮಾಡದೆ ನಂಜಮ್ಮನ ಉಪಾಯವನ್ನು ಅವರು ಹೊರಗಿಟ್ಟರು. ಅದಲ್ಲದೆ ಕೊನೆಯ ವಿವರಣೆಯನ್ನು ತಾವೇ ನುಡಿಯದೆ ಮೊಸರು ಕೊಳ್ಳುವ ಗೃಹಿಣಿಯ ಬಾಯಲ್ಲಿ ಇಟ್ಟರು. ವಿವರಣೆ ನಿರೂಪಕಿಯದು, ಸಾಕ್ಷ್ಯ ಕಥೆಯದು. ಇವೆರಡರ ನಡುವಿನ ಅಂತರವನ್ನು ಕಾಣಬಲ್ಲ ಓದುಗನಿಗೆ ಕಥೆ ಯಾವ ಅಡ್ಡಿಯನ್ನೂ ಒಡ್ಡುವುದಿಲ್ಲ.

೫

ಈ ಅಂತರ ಇಂದಿಗೂ ಪ್ರಸ್ತುತವೆಂಬುದಕ್ಕೆ ಹತ್ತಿರದ ಒಂದು ಉದಾಹರಣೆ ಸಾಕು. ೨೦೨೩ರಲ್ಲಿ ಕರ್ನಾಟಕ ಸರ್ಕಾರ ‘ಗೃಹಲಕ್ಷ್ಮಿ’ ಯೋಜನೆಯನ್ನು ಜಾರಿಗೆ ತಂದು ಮನೆಯ ಯಜಮಾನಿಗೆ ತಿಂಗಳಿಗೆ ೨,೦೦೦ ರೂಪಾಯಿ ಕೊಡುವುದಾಗಿ ಸಾರಿದಾಗ, ಆ ಹಣ ಅತ್ತೆಗೋ ಸೊಸೆಗೋ ಎಂಬ ಚರ್ಚೆ ನಾಡಿನಲ್ಲೆಲ್ಲ ನಡೆಯಿತು. ಜನ ನಕ್ಕು ‘ಅತ್ತೆ ಸೊಸೆ ಜಗಳ’ವೆಂದರು; ಅಂದರೆ ಮಾಸ್ತಿಯವರ ನಿರೂಪಕಿಯ ವಿವರಣೆಯನ್ನೇ ಮತ್ತೆ ಕೊಟ್ಟರು. ನಿಜವಾಗಿ ಆದದ್ದೇನು? ಒಂದು ಮನೆಯಲ್ಲಿ ಇಬ್ಬರು ದುಡಿಯುವ ಹೆಂಗಸರಿದ್ದು ‘ಯಜಮಾನಿ’ ಎಂಬ ಸ್ಥಾನ ಒಂದೇ ಇತ್ತು. ಪಡಿತರ ಚೀಟಿಯಲ್ಲಿ ಯಾರ ಹೆಸರು ಮೊದಲು ಎಂಬ, ಅದುವರೆಗೆ ಯಾರೂ ಹೆಚ್ಚು ಗಮನಿಸದ ಸಂಗತಿಗೆ ಒಮ್ಮೆಲೆ ತಿಂಗಳಿಗಿಷ್ಟೆಂಬ ಬೆಲೆ ಬಂದಿತು. ಅಲ್ತುಸೆರ್ ಹೇಳಿದ ‘ಕೂಗಿ ಕರೆಯುವಿಕೆ’ಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ: ಪ್ರಭುತ್ವ ‘ಯಜಮಾನಿ’ ಎಂದು ಕರೆಯಿತು, ಓಗೊಡಬೇಕಾದವಳು ಯಾರೆಂದು ಮನೆ ತೀರ್ಮಾನಿಸಬೇಕಾಯಿತು. ಜಗಳವಾಗಿದ್ದಲ್ಲಿ ಅದರ ಮೂಲವನ್ನು ಹೆಂಗಸರ ಸ್ವಭಾವದಲ್ಲಿ ಹುಡುಕುವುದು ಅನ್ಯಾಯ.

ಹಾಗೆಂದು ಆ ಹಣ ಕೇಡೆಂದು ಅರ್ಥವಲ್ಲ. ಮಂಗಮ್ಮನಿಗೆ ಮೊಸರಿನ ಹಣ ಕೊಟ್ಟದ್ದೂ ಇದೇ ಬಗೆಯ ಸ್ವಾತಂತ್ರ್ಯವನ್ನು: ಬೇರೆ ಒಲೆ ಹೂಡುವ, ಮನಸ್ಸಿಗೆ ಬಂದ ರವಿಕೆ ತೊಡುವ ಸ್ವಾತಂತ್ರ್ಯ. ಬ್ಯಾಡಗಿಯಲ್ಲಿ ಕಣ್ಣು ಮೂಗು ಉರಿಯುವ ಘಾಟಿನ ನಡುವೆ ತೊಟ್ಟು ಬಿಡಿಸುವವಳ ಕೂಲಿಗೂ ಆ ಶಕ್ತಿಯಿದೆ. ಇಂದು ಹಳ್ಳಿಯ ಹಾಲು ಬಹುಮಟ್ಟಿಗೆ ಸಹಕಾರ ಸಂಘದ ಕ್ಯಾನನ್ನು ಸೇರುತ್ತದೆ. ಎಮ್ಮೆ ಮೇಯಿಸಿ ಹಾಲು ಕರೆಯುವ ಹೆಣ್ಣು ಪಟ್ಟಣದ ಮನೆಮನೆಯ ಬಾಗಿಲಿಗೆ ಬರಬೇಕಾಗಿಲ್ಲ. ಆದರೆ ಸಂಘದ ಪುಸ್ತಕದಲ್ಲಿ ಸದಸ್ಯರೆಂದು ಬರೆದಿರುವ ಹೆಸರು ಯಾರದು, ಹಣ ಜಮೆಯಾಗುವ ಖಾತೆ ಯಾರದು ಎಂದು ಕೇಳಿದರೆ ಮಂಗಮ್ಮನ ಗಡಿಗೆಯ ಪ್ರಶ್ನೆ ಹೊಸ ವೇಷದಲ್ಲಿ ಎದುರಾಗುತ್ತದೆ. ಅವಳಿಗಾದರೋ ಹಣ ನೇರವಾಗಿ ಕೈಗೆ ಬರುತ್ತಿತ್ತು.

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ‘ಮೊಸರಿನ ಮಂಗಮ್ಮ’ದಲ್ಲಿ ವಿಚಾರಪ್ರಣಾಲಿಯೂ ಇದೆ, ಅದನ್ನು ಪರೀಕ್ಷಿಸಲು ಬೇಕಾದ ಸಾಕ್ಷ್ಯವೂ ಇದೆ. ಮೊದಲನೆಯದನ್ನು ಮಾತ್ರ ಕಂಡವರು ಕಥೆಯನ್ನು ನೀತಿಪಾಠವಾಗಿ ಮಾಡಿದರು ಅಥವಾ ಪ್ರತಿಗಾಮಿಯೆಂದು ತಳ್ಳಿದರು. ಇಬ್ಬರೂ ನಿರೂಪಕಿಯ ಕೊನೆಯ ಮಾತನ್ನೇ ಕಥೆಯೆಂದು ಭಾವಿಸಿದರು. ಅಧ್ಯಾಪಕರು ಈ ಕಥೆಯ ಮೇಲೆ ಪ್ರಶ್ನೆ ಹಾಕುವಾಗ ‘ಅತ್ತೆ ಸೊಸೆಯರ ಜಗಳವನ್ನು ಮಾಸ್ತಿ ಹೇಗೆ ಚಿತ್ರಿಸಿದ್ದಾರೆ’ ಎಂದು ಕೇಳುವುದರ ಜೊತೆಗೆ, ‘ಕಥೆಯ ಕೊನೆಯಲ್ಲಿ ಮೊಸರು ಮಾರುವವರು ಯಾರು, ಏಕೆ’ ಎಂದೂ ಕೇಳಬಹುದು. ತಾಯಿಯ ಕೂಲಿಯಿಂದ ಕಾಲೇಜಿಗೆ ಬಂದಿರುವ ವಿದ್ಯಾರ್ಥಿನಿ ಆ ಎರಡನೆಯ ಪ್ರಶ್ನೆಗೆ ಉತ್ತರ ಬರೆಯುವಾಗ ತಾನು ಕಂಡದ್ದನ್ನು ಬದಿಗಿರಿಸಬೇಕಾದ ಕಾರಣವಿರುವುದಿಲ್ಲ.